ಐದು ರ್ಯಾಕಿನ ಸರ್ವರ್ ರೂಮಿಗೆ ಯಾವ ಸಾಫ್ಟ್‌ವೇರ್ ಹೊಂದ್ತು: ಶಿವಮೊಗ್ಗದಿಂದ ನನ್ನ ಅನುಭವ

ನಾನು ಶಿವಮೊಗ್ಗದಲ್ಲಿ ಒಂದು ಸಹಕಾರಿ ಸಂಸ್ಥೆಯ ಸರ್ವರ್ ರೂಮ್ ನೋಡ್ಕೊಳ್ತೀನಿ. ದೊಡ್ಡದೇನಲ್ಲ, ಸರ್ವರ್ ಜೋಡಿಸಿಡೋ ಐದು ರ್ಯಾಕ್, ಎರಡು ಯುಪಿಎಸ್, ಹಿಂದೆ ಶೆಡ್ಡಲ್ಲಿ ಒಂದು ಡೀಸೆಲ್ ಜನರೇಟರ್. ತೀರ್ಥಹಳ್ಳಿ, ಹೊಸನಗರ, ಸಾಗರ, ರಿಪ್ಪನ್‌ಪೇಟೆ, ಕೋಣಂದೂರು ಕಡೆ ಬ್ರಾಂಚ್‌ಗಳಿವೆ, ಎಲ್ಲದರ ಲೆಕ್ಕಾನೂ ಈ ರೂಮಲ್ಲೇ ಇರೋದು. ಯಾವ ಮಷಿನ್ ಎಲ್ಲಿದೆ, ಯಾವ ಕೇಬಲ್ ಎಲ್ಲಿಗೆ ಹೋಗತ್ತೆ ಅನ್ನೋದೆಲ್ಲ ತುಂಬಾ ವರ್ಷ ಒಂದು ಎಕ್ಸೆಲ್ ಫೈಲಲ್ಲೇ ಇತ್ತು, ಅದನ್ನ ನಾನೂ ನಂಬಿದ್ದೆ, ನಮ್ಮ ಮ್ಯಾನೇಜರೂ ನಂಬಿದ್ರು.

ಎರಡು ವರ್ಷದ ಹಿಂದೆ ಜುಲೈನಲ್ಲಿ, ಜೋರು ಮಳೆ, ರಾತ್ರಿ ಒಂದೂವರೆ ಹೊತ್ತಿಗೆ ಕರೆಂಟ್ ಹೋಯ್ತು. ಮಲೆನಾಡಲ್ಲಿ ಅದು ಸುದ್ದಿನೇ ಅಲ್ಲ, ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದಿರತ್ತೆ ಅಷ್ಟೆ. ಆದ್ರೆ ಆ ರಾತ್ರಿ ಜನರೇಟರ್ ಹಿಡಿಯೋಕೆ ಮೂರ್ನಾಲ್ಕು ನಿಮಿಷ ತಡ ಆಯ್ತು, ಅಷ್ಟರಲ್ಲಿ ಎ ಯುಪಿಎಸ್‌ನ ಬ್ಯಾಟರಿ ಕೈ ಕೊಡ್ತು. ಅದಕ್ಕೇ ತಾನೆ ಬಿ ಯುಪಿಎಸ್ ಇರೋದು, ನಮ್ಮ ಡೇಟಾಬೇಸ್ ಸರ್ವರಿಗೆ ಎರಡು ಪವರ್ ಸಪ್ಲೈ ಇದೆ, ಒಂದು ಎ ಕಡೆ ಒಂದು ಬಿ ಕಡೆ ಅಂತ ಎಕ್ಸೆಲ್ಲಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದ್ರೂ ಸರ್ವರ್ ಆಫ್ ಆಗಿತ್ತು. ಟಾರ್ಚ್ ಹಿಡಿದು ರ್ಯಾಕಿನ ಹಿಂದೆ ಹೋಗಿ ಕೇಬಲ್ ಹಿಡ್ಕೊಂಡು ಕೆಳಗಿನ ತನಕ ಬಂದ್ರೆ ಎರಡೂ ಒಂದೇ ಪಿಡಿಯುಗೆ (ರ್ಯಾಕಿನ ಮಷಿನ್ನುಗಳಿಗೆ ಕರೆಂಟ್ ಹಂಚೋ ಸಾಕೆಟ್ ಪಟ್ಟಿ), ಅಕ್ಕಪಕ್ಕದ ಸಾಕೆಟ್ಟಿಗೆ ಚುಚ್ಚಿದೆ. ಹಿಂದಿನ ವರ್ಷ ಸ್ವಿಚ್ ಬದಲಾಯಿಸುವಾಗ ಜಾಗ ಬೇಕು ಅಂತ ಒಂದು ಕೇಬಲ್ ಈ ಕಡೆ ಹಾಕಿದ್ದು ನಾನೇ, ಶೀಟಲ್ಲಿ ತಿದ್ದಿರಲಿಲ್ಲ.

ಡೇಟಾಬೇಸ್ ರಿಕವರಿ ಮುಗಿಯೋ ಹೊತ್ತಿಗೆ ಬೆಳಿಗ್ಗೆ ಹನ್ನೊಂದಾಯ್ತು. ಅದು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯೋ ಸಮಯ, ಮೈಲುತುತ್ತು ತಗೊಳ್ಳೋಕೆ, ಮರ ಹತ್ತೋರಿಗೆ ಕೂಲಿ ಕೊಡೋಕೆ ದುಡ್ಡು ಬೇಕು ಅಂತ ಮಳೆಯಲ್ಲಿ ನೆನ್ಕೊಂಡು ಬಂದ ಜನ ಬ್ರಾಂಚಲ್ಲಿ ಕಾಯ್ತಾ ಕೂತಿದ್ರು. ಎರಡು ಮಳೆ ನಡುವೆ ಒಂದು ಹೊಳವು ಸಿಕ್ಕಿದ್ರೆ ಆ ದಿನವೇ ಹೊಡೀಬೇಕು, ಇಲ್ಲಾಂದ್ರೆ ಕೊಳೆ ರೋಗ. ಅವರ ಒಂದು ದಿನ ನನ್ನ ಒಂದು ಕೇಬಲಿಂದ ಹೋಯ್ತು ಅನ್ನೋದು ನನಗೆ ಇವತ್ತಿಗೂ ಕುಟುಕತ್ತೆ.

ಆಮೇಲೆ ಸಾಫ್ಟ್‌ವೇರ್ ಹುಡುಕೋಕೆ ಶುರು ಮಾಡ್ದೆ. ಇದಕ್ಕೆ ಡಿಸಿಐಎಂ ಅಂತಾರೆ, ಡೇಟಾ ಸೆಂಟರ್ ಇನ್‌ಫ್ರಾಸ್ಟ್ರಕ್ಚರ್ ಮ್ಯಾನೇಜ್‌ಮೆಂಟ್. ಸರ್ವರ್ ರೂಮಿನ ಮಷಿನ್, ಕೇಬಲ್, ಕರೆಂಟಿನ ಲೆಕ್ಕ ಇಡೋ ಸಾಫ್ಟ್‌ವೇರ್ ಅಂತ ಅರ್ಥ. ಮೊದಲ ಎರಡು ವಾರ ಬರೀ ಫೀಚರ್ ಪಟ್ಟಿ ಓದ್ತಾ ಹಾಳು ಮಾಡ್ದೆ, ಎಲ್ಲದರಲ್ಲೂ ಎಲ್ಲಾ ಇದೆ ಅನ್ಸತ್ತೆ. ಕೊನೆಗೆ ಒಂದು ಹಾಳೆ ತಗೊಂಡು ಆ ರಾತ್ರಿ ನನಗೆ ಯಾವ ಪ್ರಶ್ನೆಗೆ ಉತ್ತರ ಬೇಕಿತ್ತು ಅಂತ ಬರೆದೆ. ಇದು ಸತ್ರೆ ಇದರ ಜೊತೆ ಇನ್ನೇನು ಸಾಯತ್ತೆ? ಅದೇ ಮುಖ್ಯ. ಹೊಸ ಸರ್ವರ್ ಬಂದ್ರೆ ಯಾವ ರ್ಯಾಕಲ್ಲಿ ಜಾಗಾನೂ ಇದೆ ಕರೆಂಟೂ ಇದೆ ಅನ್ನೋದು ಆಮೇಲಿಂದು. ರೂಮಲ್ಲಿ ಈಗ ಈ ಕ್ಷಣ ಏನಾಗ್ತಿದೆ ಅನ್ನೋದು ಪೂರ್ತಿ ಬೇರೆಯೇ ಪ್ರಶ್ನೆ, ಅದಕ್ಕೆ ಬೇರೆ ಜಾತಿಯ ಸಾಫ್ಟ್‌ವೇರೇ ಬೇಕು ಅನ್ನೋದು ನನಗೆ ಅರ್ಥ ಆಗಿದ್ದು ಸುಮಾರು ತಡವಾಗಿ.

ದುಡ್ಡು ಕೊಟ್ಟು ತಗೊಳ್ಳೋವನ್ನೂ ನೋಡಿದೆ. ಡಿವೈಸ್42 (2024ರಲ್ಲಿ ಫ್ರೆಶ್‌ವರ್ಕ್ಸ್ ಅದನ್ನ ಕೊಂಡ್ಕೊಳ್ತು), ಸನ್‌ಬರ್ಡ್‌ನವರ ಡಿಸಿಟ್ರ್ಯಾಕ್, ಎನ್‌ಲೈಟ್, ಷ್ನೈಡರ್‌ನವರ ಇಕೋಸ್ಟ್ರಕ್ಷರ್ ಐಟಿ. ಒಳ್ಳೆಯ ಸಾಮಾನುಗಳೇ, ಡಿವೈಸ್42 ನೆಟ್‌ವರ್ಕಲ್ಲಿ ಏನೇನಿದೆ ಅಂತ ತಾನೇ ಹುಡುಕತ್ತೆ, ಡಿಸಿಟ್ರ್ಯಾಕಲ್ಲಿ ರೂಮನ್ನೇ ಮೂರು ಆಯಾಮದಲ್ಲಿ ತೋರಿಸತ್ತೆ. ಆದ್ರೆ ಇವುಗಳ ಅರ್ಧ ಶಕ್ತಿ ಬರೋದು ಪ್ರತಿ ಸಾಕೆಟ್ಟಿನ ಕರೆಂಟ್ ಅಳೆದು ಹೇಳೋ ಪಿಡಿಯು ಇದ್ರೆ, ನಮ್ಮಲ್ಲಿ ಇರೋದು ಸಾದಾ ಪಿಡಿಯು. ನೂರಾರು ರ್ಯಾಕ್ ಇರೋರಿಗೆ ಸರಿ, ಐದು ರ್ಯಾಕಿಗೆ ಅಷ್ಟು ದುಡ್ಡು ಕೇಳೋಕೆ ನನಗೆ ಮನಸ್ಸು ಬರ್ಲಿಲ್ಲ. ಓಪನ್ ಸೋರ್ಸ್‌ನಲ್ಲಿ, ಅಂದ್ರೆ ಕೋಡ್ ಎಲ್ಲರಿಗೂ ತೆರೆದಿರೋ ಪುಕ್ಕಟೆ ಸಾಫ್ಟ್‌ವೇರಲ್ಲಿ, ಮೂರು ಉಳಿದ್ವು: ರ್ಯಾಕ್‌ಟೇಬಲ್ಸ್, ಓಪನ್‌ಡಿಸಿಐಎಂ, ನೆಟ್‌ಬಾಕ್ಸ್.

ಮೂರನ್ನೂ ಒಂದು ಹಳೇ ಡೆಸ್ಕ್‌ಟಾಪಲ್ಲಿ ಹಾಕಿ, ಒಂದೇ ರ್ಯಾಕನ್ನ, ನಮ್ಮ ಮೂರನೇ ರ್ಯಾಕನ್ನ, ಮೂರರಲ್ಲೂ ತುಂಬಿದೆ. ಹೋಲಿಸೋದಕ್ಕೆ ಇದಕ್ಕಿಂತ ಸುಲಭದ ದಾರಿ ನನಗೆ ಕಾಣ್ಲಿಲ್ಲ, ಯಾಕಂದ್ರೆ ಡೆಮೊದಲ್ಲಿ ಅವರ ಡೇಟಾ ಇರತ್ತೆ, ಅದು ಯಾವಾಗ್ಲೂ ಚೆಂದವಾಗೇ ಇರತ್ತೆ.

ರ್ಯಾಕ್‌ಟೇಬಲ್ಸ್ ಒಂದು ಮಧ್ಯಾಹ್ನದಲ್ಲಿ ಮುಗೀತು. ರ್ಯಾಕಿನ ಪ್ರತಿ ಯೂನಿಟ್ಟಿಗೂ, ಅಂದ್ರೆ 44.45 ಮಿಲಿಮೀಟರ್ ಎತ್ತರದ ಒಂದೊಂದು ಜಾಗಕ್ಕೂ, ಮುಂದೆ, ಒಳಗೆ, ಹಿಂದೆ ಅಂತ ಮೂರು ಚೌಕ ಇರತ್ತೆ, ಟಿಕ್ ಮಾಡ್ತಾ ಹೋದ್ರೆ ಆಯ್ತು. ಕಲಿಯೋದೇ ಬೇಡ. ಬರೀ ಎಲ್ಲಿ ಏನಿದೆ ಅಂತ ಬೇಕಾದವರಿಗೆ ಇದು ಸಾಕು, ಆದ್ರೆ ಹೊಸ ಬಿಡುಗಡೆ ಅಪರೂಪ, ಮತ್ತೆ ನನ್ನ ಪ್ರಶ್ನೆಗೆ ಅದು ಹತ್ತಿರ ಬರ್ಲಿಲ್ಲ.

ಓಪನ್‌ಡಿಸಿಐಎಂ ಅಮೆರಿಕದ ವಾಂಡರ್‌ಬಿಲ್ಟ್ ಯೂನಿವರ್ಸಿಟಿಯಲ್ಲಿ ಅವರ ಸ್ವಂತ ಉಪಯೋಗಕ್ಕೆ ಅಂತ ಶುರುವಾಗಿದ್ದು. ಪಿಎಚ್‌ಪಿ, ಮೈಎಸ್‌ಕ್ಯೂಎಲ್ ಮೇಲೆ ಓಡತ್ತೆ, ನೋಡೋಕೆ ಹಳೇ ಕಾಲದ್ದು. ಆದ್ರೆ ಮಾಡಿದವರು ನಿಜವಾಗಿ ಸರ್ವರ್ ರೂಮಲ್ಲಿ ನಿಂತವರು ಅಂತ ಗೊತ್ತಾಗತ್ತೆ ನೋಡಿ, ರ್ಯಾಕಿನ ಭಾರ ಎಷ್ಟು, ಆ ಭಾರದ ಕೇಂದ್ರ ಎಷ್ಟು ಎತ್ತರದಲ್ಲಿದೆ ಅಂತಾನೂ ಲೆಕ್ಕ ಹಾಕಿ ಹೇಳತ್ತೆ. ಗ್ರಾಫ್ ಹಾಳೆಯಲ್ಲಿ ಕೈಯಲ್ಲಿ ಬರೆದ ರೂಮಿನ ನಕ್ಷೆ ಸ್ಕ್ಯಾನ್ ಮಾಡಿ ಹಾಕಿದೆ, ಅದರ ಮೇಲೇ ರ್ಯಾಕ್ ಗುರುತು ಮಾಡಬಹುದು. ಆಮೇಲೆ ಅದರಲ್ಲಿ ಪವರ್ ಔಟೇಜ್ ಸಿಮ್ಯುಲೇಶನ್ ಅಂತ ಒಂದು ಇದೆ. ಯಾವ ಮೂಲದ ಕರೆಂಟ್ ಹೋಗತ್ತೆ ಅಂತ ಆರಿಸಿದ್ರೆ ಯಾವ ಮಷಿನ್‌ಗಳು ಬೀಳ್ತವೆ ಅಂತ ಪಟ್ಟಿ ಬರತ್ತೆ. ನಾನು ಎ ಯುಪಿಎಸ್ ಆರಿಸಿದೆ. ಡೇಟಾಬೇಸ್ ಸರ್ವರ್ ಹೆಸರು ಬಂತು, ಯಾಕಂದ್ರೆ ಹೋಲಿಕೆಗೆ ಅಂತ ಆ ರಾತ್ರಿ ಇದ್ದ ಹಾಗೇ ತುಂಬಿದ್ದೆ. ಆ ಸಾಲನ್ನ ನೋಡ್ತಾ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಹಾಗಾದ್ರೆ ಅದನ್ನೇ ಯಾಕೆ ತಗೊಳ್ಲಿಲ್ಲ ಅಂತ ಕೇಳ್ತೀರಿ. ನೆಟ್‌ಬಾಕ್ಸ್ ತುಂಬೋಕೆ ಕೂತಾಗ ಒಂದು ವಿಷಯ ಆಯ್ತು. ಇದು ಡಿಜಿಟಲ್‌ಓಶನ್‌ನಲ್ಲಿ ಜೆರೆಮಿ ಸ್ಟ್ರೆಚ್ ಅವರು ಶುರು ಮಾಡಿದ್ದು, 2016ರಲ್ಲಿ ಓಪನ್ ಸೋರ್ಸ್ ಆಯ್ತು, ಪೈಥಾನ್ ಮತ್ತೆ ಪೋಸ್ಟ್‌ಗ್ರೆಸ್ ಮೇಲೆ ಓಡತ್ತೆ. ನಾನು ಎಕ್ಸೆಲ್ಲನ್ನ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಮಾಡಿ ಒಂದೇ ಸಲ ಒಳಗೆ ಹಾಕೋಕೆ ನೋಡಿದೆ, ಅದು ತಗೊಳ್ಳಲೇ ಇಲ್ಲ. ಈ ಸಾಕೆಟ್ಟಿಗೆ ಆಗ್ಲೇ ಒಂದು ಕೇಬಲ್ ಇದೆ ಅಂತ ಎರರ್. ಇನ್ನೊಂದು ಕಡೆ, ಈ ಯೂನಿಟ್ಟಲ್ಲಿ ಆಗ್ಲೇ ಒಂದು ಮಷಿನ್ ಇದೆ ಅಂತ. ನನ್ನ ಎಕ್ಸೆಲ್ಲಲ್ಲಿ ಒಂದೇ ಸಾಕೆಟ್ಟಿಗೆ ಎರಡು ಕೇಬಲ್ ಅಂತ ವರ್ಷಗಟ್ಟಲೆ ಬರ್ಕೊಂಡು ಇತ್ತು, ಎಕ್ಸೆಲ್ ಯಾವತ್ತೂ ಬೇಡ ಅನ್ಲಿಲ್ಲ. ನೆಟ್‌ಬಾಕ್ಸ್ ಬೇಡ ಅಂತು. ಅಲ್ಲೇ ನನ್ನ ಮನಸ್ಸು ಆ ಕಡೆ ವಾಲಿತು.

ಎರರ್ ತೀರಿಸೋಕೆ ಬೇರೆ ದಾರಿ ಇರಲಿಲ್ಲ, ಎದ್ದು ಹೋಗಿ ಕೇಬಲ್ ನೋಡ್ಬೇಕು. ಎರಡು ಭಾನುವಾರ, ನಾನು ಮತ್ತೆ ನಮ್ಮ ಎಲೆಕ್ಟ್ರಿಶಿಯನ್ ಅಣ್ಣ. ಅವರು ಒಂದೊಂದೇ ಕೇಬಲನ್ನ ಸರ್ವರ್ ಕಡೆಯಿಂದ ಎರಡು ಬೆರಳಲ್ಲಿ ಹಿಡ್ಕೊಂಡು, ಬಿಡದೆ, ಕಟ್ಟಿನ ಒಳಗಿಂದ ಜಾರಿಸ್ತಾ ಪಿಡಿಯು ತನಕ ಬರೋರು, "ಬರ್ಕೊಳಿ ಸಾರ್, ಬಿ ಕಡೆ, ಮೇಲಿಂದ ಏಳನೇದು" ಅನ್ನೋರು, ನಾನು ಎರಡು ತುದಿಗೂ ಲೇಬಲ್ ಹಾಕೋದು. ಮೊದಲು ಕಾಗದದ ಸ್ಟಿಕ್ಕರ್ ಅಂಟಿಸ್ತಿದ್ವಿ, ನಮ್ಮೂರ ಶೀತಕ್ಕೆ ಎರಡೇ ಮಳೆಗಾಲಕ್ಕೆ ಅಂಟು ಬಿಟ್ಟು ನೆಲದಲ್ಲಿ ಬಿದ್ದಿರೋವು, ಈ ಸಲ ಲ್ಯಾಮಿನೇಟೆಡ್ ಟೇಪ್ ಬರೋ ಲೇಬಲ್ ಪ್ರಿಂಟರೇ ತಗೊಂಡ್ವಿ. ಇನ್ನೂ ಮೂರು ಮಷಿನ್ ಸಿಕ್ಕಿದ್ವು, ಎರಡೂ ಕೇಬಲ್ ಒಂದೇ ಕಡೆ ಇರೋವು. ಯಾವ ಸಾಫ್ಟ್‌ವೇರ್ ಹಾಕಿದ್ರೂ ಈ ಎರಡು ಭಾನುವಾರ ತಪ್ಪೋದಿಲ್ಲ ಮಾರಾಯ್ರೆ, ದುಬಾರಿಯದ್ದಕ್ಕೂ ಅಷ್ಟೆ. ಸಾದಾ ಪಿಡಿಯುಗೆ ಯಾವ ಪ್ಲಗ್ ಎಲ್ಲಿ ಚುಚ್ಚಿದೆ ಅಂತ ಯಾವ ಆಟೋ ಡಿಸ್ಕವರಿಗೂ ಕಾಣೋದಿಲ್ಲ.

ನೆಟ್‌ಬಾಕ್ಸಲ್ಲಿ ಔಟೇಜ್ ಸಿಮ್ಯುಲೇಶನ್ ಇಲ್ಲ, ಅದು ನಿಜವಾದ ಕೊರತೆ. ಕೇಬಲ್ ಟ್ರೇಸ್ ಇದೆ, ಆದ್ರೆ ಪವರ್ ವಿಷಯದಲ್ಲಿ ಅದು ಸರ್ವರಿಂದ ಹೊರಟು ಪಿಡಿಯು ಔಟ್‌ಲೆಟ್ಟಿಗೆ ಬಂದು ನಿಲ್ಲತ್ತೆ. ಆಮೇಲೆ ಆ ಪಿಡಿಯು ಯಾವ ಯುಪಿಎಸ್‌ಗೆ, ಯುಪಿಎಸ್ ಯಾವ ಫೀಡಿಗೆ ಅಂತ ಒಂದೊಂದೇ ಹೆಜ್ಜೆ ನಾವೇ ನಡೀಬೇಕು. ಅದರ ಎಪಿಐ, ಅಂದ್ರೆ ಬೇರೆ ಪ್ರೋಗ್ರಾಂ ಅದರ ಡೇಟಾ ಕೇಳಿ ತಗೊಳ್ಳೋ ದಾರಿ, ಚೆನ್ನಾಗಿದೆ, ಪೈನೆಟ್‌ಬಾಕ್ಸ್ ಅಂತ ಪೈಥಾನ್ ಲೈಬ್ರರಿ ಇದೆ, ಅದರಲ್ಲಿ ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ: ಎರಡು ಪವರ್ ಪೋರ್ಟ್ ಇರೋ ಪ್ರತಿ ಮಷಿನ್ ತಗೊಂಡು, ಎರಡರಿಂದಲೂ ಔಟ್‌ಲೆಟ್, ಪಿಡಿಯು, ಯುಪಿಎಸ್ ಅಂತ ಮೇಲಕ್ಕೆ ಹತ್ತಿಕೊಂಡು ಹೋಗಿ, ಎರಡೂ ಒಂದೇ ಯುಪಿಎಸ್ ಮುಟ್ಟಿದ್ರೆ ಹೆಸರು ಪ್ರಿಂಟ್ ಮಾಡು. ದಿನಾ ಬೆಳಿಗ್ಗೆ ಏಳಕ್ಕೆ ಓಡಿ ಮೇಲ್ ಬರತ್ತೆ. ಹೋದ ತಿಂಗಳು ಸ್ಟೋರೇಜ್ ಬಾಕ್ಸ್ ಬದಲಾಯಿಸಿದ ಮಾರನೇ ದಿನ ಅದರ ಹೆಸರು ಬಂತು, ಹತ್ತು ನಿಮಿಷದಲ್ಲಿ ಸರಿ ಮಾಡಿದ್ವಿ. ಜೊತೆಗೆ ಬ್ರಾಂಚ್‌ಗಳ ಐಪಿ (ನೆಟ್‌ವರ್ಕ್ ವಿಳಾಸ), ವಿಲಾನ್ (ನೆಟ್‌ವರ್ಕಿನ ಒಳವಿಭಾಗ) ಎಲ್ಲಾ ಅದರಲ್ಲೇ ಇಡಬಹುದು, ಯಾರು ಯಾವಾಗ ಏನು ತಿದ್ದಿದ್ರು ಅನ್ನೋದು ಚೇಂಜ್ ಲಾಗಲ್ಲಿ ಉಳಿಯತ್ತೆ. ಅಪ್‌ಗ್ರೇಡ್ ಮಾತ್ರ ಹುಷಾರು, ಪ್ಲಗಿನ್ ಹಾಕ್ಕೊಂಡಿದ್ರೆ ದೊಡ್ಡ ಆವೃತ್ತಿ ಬಂದಾಗ ಒಡೀತವೆ, ನಾನು ಒಂದೂ ಹಾಕಿಲ್ಲ.

ನಿಮ್ಮಲ್ಲಿ ಪೈಥಾನ್ ಬರೆಯೋರು ಯಾರೂ ಇಲ್ಲ, ಐಪಿ ಲೆಕ್ಕ ಬೇರೆ ಕಡೆ ಸರಿಯಾಗಿದೆ, ಕರೆಂಟಿನ ಚಿಂತೆ ಮಾತ್ರ ಅಂದ್ರೆ ನಾನು ಓಪನ್‌ಡಿಸಿಐಎಂ ಅನ್ನೇ ಹಾಕಿ ಅಂತೀನಿ, ಅದರ ಹಳೇ ಮುಖ ನೋಡಿ ಬಿಡ್ಬೇಡಿ.

ಇನ್ನು ಈಗ ಏನಾಗ್ತಿದೆ ಅನ್ನೋ ಪ್ರಶ್ನೆ. ನೆಟ್‌ಬಾಕ್ಸ್ ಅದನ್ನ ಹೇಳೋದೇ ಇಲ್ಲ, ಹೇಗಿರಬೇಕು ಅನ್ನೋದಷ್ಟೇ ಅದರ ಕೆಲಸ. ಆ ಕೆಲಸಕ್ಕೆ ಝಾಬಿಕ್ಸ್ ಹಾಕಿದೆ, 2001ರಿಂದ ಇರೋ ಲಾಟ್ವಿಯಾದ ಸಾಫ್ಟ್‌ವೇರ್, ಎಸ್‌ಎನ್‌ಎಂಪಿ (ಉಪಕರಣಗಳ ಸ್ಥಿತಿ ನೆಟ್‌ವರ್ಕಲ್ಲಿ ವಿಚಾರಿಸೋ ವಿಧಾನ) ಮೂಲಕ ಯುಪಿಎಸ್, ಸ್ವಿಚ್ ಎಲ್ಲವನ್ನೂ ಕೇಳ್ತಾ ಇರತ್ತೆ. ಬ್ರಾಂಚ್‌ಗಳಲ್ಲಿ ಒಂದೊಂದು ಪುಟ್ಟ ಪಿಸಿಯಲ್ಲಿ ಝಾಬಿಕ್ಸ್ ಪ್ರಾಕ್ಸಿ ಇಟ್ಟಿದೀನಿ. ಮರ ಬಿದ್ದು ಫೈಬರ್ ಕಟ್ ಆದ್ರೆ ಪ್ರಾಕ್ಸಿ ತನ್ನ ಹತ್ರಾನೇ ಡೇಟಾ ಇಟ್ಕೊಂಡು ಲಿಂಕ್ ಬಂದಮೇಲೆ ಕಳ್ಸತ್ತೆ, ಹಾಗಾಗಿ ಹೊಸನಗರದಲ್ಲಿ ರಾತ್ರಿ ಏನಾಯ್ತು ಅಂತ ಬೆಳಿಗ್ಗೆ ಗೊತ್ತಾಗತ್ತೆ. ಮಲೆನಾಡಿಗೆ ಇದಕ್ಕಿಂತ ಮುಖ್ಯವಾದ ಫೀಚರ್ ಅದರಲ್ಲಿ ಇಲ್ಲ ಅನ್ಸತ್ತೆ ನನಗೆ.

ಅದರಿಂದ ನನಗೆ ಗೊತ್ತಾದ ದೊಡ್ಡ ವಿಷಯ ಥಂಡಿಯದ್ದು, ಅಂದ್ರೆ ಗಾಳಿಯ ತೇವದ್ದು. ಸರ್ವರ್ ರೂಮ್ ಅಂದ್ರೆ ಎಲ್ಲರೂ ಬಿಸಿ ಬಗ್ಗೆ ಹೆದರ್ತಾರೆ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್ ತನಕ ರೂಮು 23 ಡಿಗ್ರಿ, ಗ್ರಾಫ್ ನೋಡಿದ್ರೆ ತಂಪಾಗಿ ಹಸಿರಾಗಿ ಇದೆ. ಆದ್ರೆ ತೇವ 80 ಪರ್ಸೆಂಟ್. ಕಾರಣ ಎಸಿ. ರೂಮು ಆಗ್ಲೇ ತಂಪಾಗಿರೋದ್ರಿಂದ ಕಂಪ್ರೆಸರ್ ಆಫ್ ಆಗಿ ಬರೀ ಫ್ಯಾನ್ ತಿರುಗ್ತಾ ಇರತ್ತೆ, ಕಂಪ್ರೆಸರ್ ಓಡದೆ ಗಾಳಿಯ ನೀರು ಇಳಿಯೋದಿಲ್ಲ. ಡೇಟಾ ಸೆಂಟರಿಗೆ ಆಶ್ರೇ ಅನ್ನೋ ಅಮೆರಿಕದ ಹವಾನಿಯಂತ್ರಣ ಎಂಜಿನಿಯರ್‌ಗಳ ಸಂಸ್ಥೆ ಹೇಳೋದು 18ರಿಂದ 27 ಡಿಗ್ರಿ, ಜೊತೆಗೆ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗಿ ಇಳಿಯೋ ಉಷ್ಣಾಂಶ) 15 ಡಿಗ್ರಿ ದಾಟಬಾರದು ಅಂತ. ಒಂದು ಅಂದಾಜು ಲೆಕ್ಕ ಇದೆ, 100ರಲ್ಲಿ ತೇವದ ಪರ್ಸೆಂಟ್ ಕಳೆದು ಐದರಿಂದ ಭಾಗಿಸಿ ಅದನ್ನ ಉಷ್ಣಾಂಶದಿಂದ ಕಳೀಬೇಕು. 23ಕ್ಕೆ 80 ಅಂದ್ರೆ ಇಬ್ಬನಿ ಬಿಂದು ಸುಮಾರು 19. ಅಂದ್ರೆ ಇಷ್ಟು ವರ್ಷ ಪ್ರತಿ ಮಳೆಗಾಲ ನಾವು ಮಿತಿ ಮೀರಿಯೇ ಓಡಿಸಿದೀವಿ. ಹಳೇ ಸರ್ವರ್ ಬಿಚ್ಚಿದಾಗ ತಾಮ್ರದ ಮೇಲೆ ಹಸಿರು ಕಟ್ಟಿರ್ತಿತ್ತಲ್ಲ, ಅದು ಎಲ್ಲಿಂದ ಬಂತು ಅಂತ ಆಗ ಹೊಳೀತು. ಆ ಸೂತ್ರವನ್ನ ಝಾಬಿಕ್ಸಲ್ಲಿ ಕ್ಯಾಲ್ಕುಲೇಟೆಡ್ ಐಟಂ ಮಾಡಿ ಅಲರ್ಟ್ ಇಟ್ಟೆ, ತೇವ ತೆಗೆಯೋ ಡೀಹ್ಯುಮಿಡಿಫೈಯರ್ ಒಂದು ತರಿಸಿದ್ವಿ, ಮಳೆಗಾಲದಲ್ಲಿ ಅದರ ಬಕೆಟ್ ನೀರು ದಿನಾ ಚೆಲ್ಬೇಕು.

ಯುಪಿಎಸ್ ಬಗ್ಗೆ ಒಂದು ಮಾತು. ಅದು ಎಸ್‌ಎನ್‌ಎಂಪಿಯಲ್ಲಿ ಬ್ಯಾಟರಿ ಇನ್ನೆಷ್ಟು ನಿಮಿಷ ಬರತ್ತೆ ಅಂತ ಹೇಳತ್ತೆ, ಅದು ಅಂದಾಜು ಮಾತ್ರ, ಪರೀಕ್ಷೆ ಅಲ್ಲ. ಆ ಕೆಟ್ಟ ರಾತ್ರಿಗಿಂತ ಮುಂಚೆ ಎ ಯುಪಿಎಸ್‌ನ ಡಿಸ್‌ಪ್ಲೇಯಲ್ಲಿ ಇಪ್ಪತ್ತು ಚಿಲ್ಲರೆ ನಿಮಿಷ ಅಂತ ಇತ್ತು. ಸೀಲ್ಡ್ ಬ್ಯಾಟರಿ 25 ಡಿಗ್ರಿಗಿಂತ ಎಂಟು ಹತ್ತು ಡಿಗ್ರಿ ಬಿಸಿಯಲ್ಲಿದ್ರೆ ಆಯಸ್ಸು ಹೆಚ್ಚುಕಮ್ಮಿ ಅರ್ಧ ಆಗತ್ತೆ, ನಮ್ಮ ಯುಪಿಎಸ್ ಕೋಣೆಗೆ ಶೀಟಿನ ಮಾಡು, ಏಪ್ರಿಲ್‌ನಲ್ಲಿ ಕಾದಿರತ್ತೆ. ಈಗ ಮೂರು ತಿಂಗಳಿಗೊಮ್ಮೆ ನಿಜವಾಗಿ ಮೇನ್ಸ್ ತೆಗೆದು ಐದು ನಿಮಿಷ ಬ್ಯಾಟರಿ ಮೇಲೆ ಓಡಿಸ್ತೀವಿ, ವೋಲ್ಟೇಜ್ ಇಳಿಯೋ ಗೆರೆಯನ್ನ ಹಿಂದಿನ ಸಲದ್ದರ ಜೊತೆ ಹೋಲಿಸ್ತೀವಿ. ಸಣ್ಣ ಸರ್ವರ್‌ಗಳನ್ನ ಕ್ರಮವಾಗಿ ಶಟ್‌ಡೌನ್ ಮಾಡೋಕೆ ನೆಟ್‌ವರ್ಕ್ ಯುಪಿಎಸ್ ಟೂಲ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿದೀನಿ.

ಕೊನೆಯದಾಗಿ ನನಗೆ ಹೊಳೆದಿದ್ದು, ಮೊದಲೇ ಹೊಳೀಬೇಕಿತ್ತು: ನೆಟ್‌ಬಾಕ್ಸ್ ಓಡ್ತಿರೋದು ಅದೇ ರೂಮಲ್ಲಿ. ರೂಮೇ ಕತ್ತಲಾದ್ರೆ ಯಾವ ಕೇಬಲ್ ಎಲ್ಲಿ ಅಂತ ಹೇಳೋದೂ ಕತ್ತಲಾಗತ್ತೆ. ಹಾಗಾಗಿ ರಾತ್ರಿ ಡೇಟಾಬೇಸಿನ ಒಂದು ಪ್ರತಿ ತೀರ್ಥಹಳ್ಳಿ ಬ್ರಾಂಚಿಗೆ ಹೋಗತ್ತೆ, ಅಲ್ಲಿ ಇನ್ನೊಂದು ನೆಟ್‌ಬಾಕ್ಸ್ ಸುಮ್ನೆ ತಯಾರಿರತ್ತೆ. ಮತ್ತೆ ಐದೂ ರ್ಯಾಕಿನ ಚಿತ್ರ, ಪವರ್ ಪಟ್ಟಿ, ಪ್ರಿಂಟ್ ತೆಗೆದು ಪ್ಲಾಸ್ಟಿಕ್ ಕವರಲ್ಲಿ ಯುಪಿಎಸ್ ಕೋಣೆಯ ಬಾಗಿಲ ಒಳಗಡೆ ನೇತು ಹಾಕಿದೀವಿ, ಪಕ್ಕದಲ್ಲೇ ಒಂದು ಟಾರ್ಚ್. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಹೊಸ ಪ್ರಿಂಟ್. ಮಳೆಗಾಲದಲ್ಲಿ ಕವರ್ ಒಳಗೂ ಥಂಡಿ ಹೋಗಿ ಕಾಗದ ಮೆತ್ತಗಾಗತ್ತೆ, ಆಗ ಹದಿನೈದು ದಿನಕ್ಕೊಮ್ಮೆ ಬದಲಾಯಿಸ್ತೀವಿ.