ದಾವಣಗೆರೆ ಬಿಸಿಲಲ್ಲಿ ಪಿನೋ ನ್ವಾರ್: ಎಷ್ಟು ತಂಪು, ಹೇಗೆ ತಂಪು?

ಕೆಂಪು ವೈನ್ ಎಂದರೆ ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು ಎಂದು ನಂಬಿ ಒಳ್ಳೆಯ ಪಿನೋ ನ್ವಾರ್ (ಅದೇ ಹೆಸರಿನ ದ್ರಾಕ್ಷಿಯ ಕೆಂಪು ವೈನ್) ಕೆಡಿಸುವವರು ನಮ್ಮಲ್ಲಿ ಬಹಳ. ಆ ಮಾತು ಯುರೋಪಿನ ಚಳಿ ಮನೆಗಳದ್ದು. ಅಲ್ಲಿ ಕೋಣೆ ಎಂದರೆ 16–18 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ನಡುಮನೆ ಫ್ಯಾನ್ ಹಾಕಿದರೂ 34.

ಈ ದ್ರಾಕ್ಷಿಯ ಸಿಪ್ಪೆ ತೆಳು, ಒಗರು ಕಡಿಮೆ. ಹುಳಿ ಮತ್ತು ಪರಿಮಳವೇ ಅದರ ಬಂಡವಾಳ. ಕ್ಯಾಲಿಫೋರ್ನಿಯಾದ ಸೊನೊಮಾ ಕೋಸ್ಟ್‌ನಲ್ಲಿ ಪೆಸಿಫಿಕ್ ಕಡಲಿನ ಮಂಜು, ಚಿಲಿಯ ಲೇಡಾದಲ್ಲಿ ಹಂಬೋಲ್ಟ್ ಪ್ರವಾಹದ ತಣ್ಣನೆ ಗಾಳಿ ಹಣ್ಣನ್ನು ನಿಧಾನ ಮಾಗಿಸಿ ಆ ಹುಳಿಯನ್ನು ಕಾಪಾಡುತ್ತವೆ. ಬಿಸಿ ಬಾಟಲಿಯಿಂದ ಸುರಿದರೆ ಆಲ್ಕೋಹಾಲ್ ಘಾಟು ಮುಂದಾಗಿ, ಚೆರ್ರಿಯ ಪರಿಮಳ ಜಾಮ್‌ನಂತಾಗುತ್ತದೆ.

ಮೊದಲು ಖರೀದಿ. ಲೇಬಲ್‌ನಲ್ಲಿ ದ್ರಾಕ್ಷಿ ಬೆಳೆದ ಪ್ರದೇಶದ ಹೆಸರು ಇರಲಿ. ಬರೀ ‘ಕ್ಯಾಲಿಫೋರ್ನಿಯಾ’ ಎಂದಿದ್ದರೆ ಒಳನಾಡಿನ ಬಿಸಿ ಬಯಲಿನ ಹಣ್ಣೂ ಇರಬಹುದು. ಅಮೆರಿಕದ ನಿಯಮದಂತೆ ಶೇ 75ರಷ್ಟು ಪಿನೋ ಇದ್ದರೆ ಆ ಹೆಸರು ಹಾಕಬಹುದು. ಉಳಿದದ್ದು ಬೇರೆ ದ್ರಾಕ್ಷಿಯದು ಇರಬಹುದು. ಅಗ್ಗದ ಪಿನೋ ಕಡುಗಪ್ಪಾಗಿ ಕಂಡರೆ ಅನುಮಾನಪಡಿ. ಕಾರ್ಕ್ ಮೇಲೆದ್ದಿದ್ದರೆ, ಕತ್ತಿನಲ್ಲಿ ಸೋರಿದ ಕಲೆ ಇದ್ದರೆ ಬಾಟಲಿ ಕಾದಿದೆ ಎಂದರ್ಥ, ಬೇಡ.

ಬೆಂಗಳೂರಿನಿಂದ ತರುವುದಾದರೆ ಡಿಕ್ಕಿಯಲ್ಲಿ ಇಡಬೇಡಿ. ಎ.ಸಿ. ಇರುವ ಕಡೆ, ಸೀಟಿನ ಕೆಳಗೆ, ಒದ್ದೆ ಟವೆಲ್ ಸುತ್ತಿ. ಮನೆಗೆ ಬಂದ ಮೇಲೆ ಸೀದಾ ಫ್ರಿಜ್‌ಗೆ.

ಈಗ ಎಲ್ಲರೂ ಎಡವುವ ಹಂತ. ಕುಡಿಯಲು ಬೇಕಾದದ್ದು 13–15 ಡಿಗ್ರಿ. ಬಾಟಲಿ 34 ಡಿಗ್ರಿಯಲ್ಲಿದ್ದರೆ ಫ್ರಿಜ್‌ನಲ್ಲಿ ಎರಡರಿಂದ ಮೂರು ಗಂಟೆ ಬೇಕು. ಅವಸರವಿದ್ದರೆ ಬಕೆಟ್‌ಗೆ ಅರ್ಧ ಐಸ್, ಅರ್ಧ ನೀರು ಹಾಕಿ, ಕತ್ತಿನವರೆಗೆ ಮುಳುಗಿಸಿ. 15–20 ನಿಮಿಷ ಸಾಕು. ನೀರಿಲ್ಲದೆ ಬರೀ ಐಸ್ ಹಾಕಿದರೆ ನಡುವೆ ಗಾಳಿ ಉಳಿದು ತಂಪು ಬಾಟಲಿಗೆ ಹತ್ತುವುದಿಲ್ಲ. ನಡುವೆ ಎರಡು ಸಲ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಇಲ್ಲವಾದರೆ ಅಂಚು ತಣ್ಣಗಾಗಿ ಒಳಗೆ ಬಿಸಿ ಉಳಿಯುತ್ತದೆ. ಉಪ್ಪು ಹಾಕುವ ಉಪಾಯ ಬಿಯರ್‌ಗೆ ಸರಿ, ಇಲ್ಲಿ ತಂಪು ವಿಪರೀತವಾಗುತ್ತದೆ. ಫ್ರೀಜರ್ ಬೇಡವೇ ಬೇಡ, ಮರೆತರೆ ಕಾರ್ಕ್ ಹೊರದಬ್ಬುತ್ತದೆ. ಗ್ಲಾಸಿಗೇ ಐಸ್ ಹಾಕುವುದಂತೂ ವೈನಿಗೆ ನೀರು ಬೆರೆಸಿದಂತೆ.

ಥರ್ಮಾಮೀಟರ್ ಇಲ್ಲವೇ? ಒಂದು ಗುಟುಕು ನೋಡಿ: ಮಡಕೆ ನೀರಿಗಿಂತ ತಣ್ಣಗೆ, ಫ್ರಿಜ್ ನೀರಿಗಿಂತ ಬೆಚ್ಚಗೆ ಇರಬೇಕು. ವಾಸನೆಯೇ ಇಲ್ಲದೆ ಬರೀ ಹುಳಿ ಸಿಕ್ಕರೆ ತಂಪು ಹೆಚ್ಚಾಗಿದೆ; ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಐದು ನಿಮಿಷ ಕಾಯಿರಿ.

ಹೊಟ್ಟೆ ಅಗಲ, ಬಾಯಿ ಕಿರಿದಾದ ಗ್ಲಾಸಿಗೆ ಒಂದು ಸಲಕ್ಕೆ 75–100 ಎಂ.ಎಲ್. ಮಾತ್ರ. ನಮ್ಮ ಸೆಕೆಗೆ ಗ್ಲಾಸ್‌ನಲ್ಲಿರುವ ವೈನ್ ಬೇಗ ಬಿಸಿಯಾಗುತ್ತದೆ, ಆದ್ದರಿಂದ ಬಾಟಲಿ ಮತ್ತೆ ತಣ್ಣೀರಿಗೆ.

ಜೊತೆಗೆ ಮಂಡಕ್ಕಿ–ಮಿರ್ಚಿ ಇಡಬೇಡಿ. ಮೆಣಸಿನಕಾಯಿ ಖಾರಕ್ಕೆ ಆಲ್ಕೋಹಾಲ್ ಸೇರಿ ಬಾಯಿ ಉರಿಯುತ್ತದೆ. ಬೆಣ್ಣೆಯಲ್ಲಿ ಹುರಿದ ಅಣಬೆ, ಖಾರ ಕಡಿಮೆ ಹಾಕಿದ ಹುರಿದ ಕೋಳಿ ಒಪ್ಪುತ್ತವೆ. ಬೆಣ್ಣೆ ದೋಸೆಯೂ ಸರಿ, ಚಟ್ನಿ ಬದಿಗಿಟ್ಟರೆ.

ಉಳಿದದ್ದಕ್ಕೆ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ, ಎರಡು ದಿನದೊಳಗೆ ಮುಗಿಸಿ.