ಪ್ಲಾಸ್ಮಾ ಕಟರ್ ಕೊಳ್ಳುವ ಮುಂಚೆ ಕಂಪ್ರೆಸರ್ ನೋಡಿ

ವಿದ್ಯುತ್ ಕಿಡಿಯಿಂದ (ಆರ್ಕ್) ಗಾಳಿಯನ್ನು ಕಾಯಿಸಿ, ಆ ಬಿಸಿಯಲ್ಲಿ ಲೋಹ ಕತ್ತರಿಸುವ ಮಷಿನ್ ಪ್ಲಾಸ್ಮಾ ಕಟರ್. ಆ ಗಾಳಿ ಕೊಡುವುದು ಕಂಪ್ರೆಸರ್. ನನ್ನ ಶೆಡ್ಡಿನಲ್ಲಿ ಗೇಟು, ಗ್ರಿಲ್ ಕೆಲಸವೇ ಜಾಸ್ತಿ. ಕಬ್ಬಿಣದ ದಪ್ಪ 6 ಎಂಎಂ ದಾಟುವುದು ಅಪರೂಪ. ಅದಕ್ಕೆ 40 ಆಂಪ್ಸ್‌ನ ಸಿಂಗಲ್ ಫೇಸ್ ಮಷಿನ್ ಧಾರಾಳವಾಯಿತು. ‘ಹೇಗೋ ತುಂಡಾಗುವ’ ದಪ್ಪ ಬೇರೆ, ನೀಟಾಗಿ ಕತ್ತರಿಸುವ ದಪ್ಪ ಬೇರೆ. ಎರಡನೆಯದನ್ನೇ ಕೇಳಿ. ಪೈಲಟ್ ಆರ್ಕ್ (ಲೋಹಕ್ಕೆ ತಾಗಿಸದೆಯೇ ಹೊತ್ತುವ ಆರ್ಕ್) ಇರಲಿ. ತುಕ್ಕು, ಪೇಂಟ್ ಇದ್ದರೂ ಕೆಲಸ ಸಲೀಸು.

ನಾನು ಎಡವಿದ್ದು ಕಂಪ್ರೆಸರ್‌ನಲ್ಲಿ. ಟೈರಿಗೆ ಗಾಳಿ ಹೊಡೆಯುವ ಪುಟ್ಟದನ್ನು ಜೋಡಿಸಿದೆ. ಒಂದು ಗೇಣು ಕತ್ತರಿಸುವಷ್ಟರಲ್ಲಿ ಪ್ರೆಷರ್ ಇಳಿದು ಆರ್ಕ್ ಆರಿಹೋಯಿತು. ಮಷಿನ್ ಕೇಳುವುದಕ್ಕಿಂತ ಒಂದೂವರೆ ಪಟ್ಟು ಗಾಳಿ ಕೊಡುವಂಥದ್ದು ಬೇಕು. ಮಳೆಗಾಲದಲ್ಲಿ ಇನ್ನೊಂದು ಕಾಟ, ಗಾಳಿಯಲ್ಲಿ ನೀರು. ಆರ್ಕ್ ಹೊರಬರುವ ನಾಝಲ್‌ನ ತೂತು ಹಿಗ್ಗಿ ಕಟ್ ಓರೆಯಾಯಿತು. ಈಗ ಫಿಲ್ಟರ್ ಹಾಕಿದ್ದೇನೆ, ಟ್ಯಾಂಕಿನ ನೀರು ದಿನಾ ಬಿಡುತ್ತೇನೆ.

ಸವೆದಾಗ ಬದಲಿಸಬೇಕಾದ ನಾಝಲ್, ಎಲೆಕ್ಟ್ರೋಡ್ (ನಾಝಲ್ ಒಳಗೆ ಆರ್ಕ್ ಹುಟ್ಟುವ ತುಂಡು) ನಿಮ್ಮೂರಲ್ಲಿ ಸಿಗುತ್ತಾ? ಸಿಗದಿದ್ದರೆ ಆ ಮಾಡೆಲ್ ಬೇಡ.