ಹೆಸರಾದ ಕಾದಂಬರಿ ಅರ್ಧ ಹಿಡಿಸಿ ಅರ್ಧ ಬೇಸರ ತಂದರೆ: ಓದುಗರ ಬಳಗದಲ್ಲಿ ಮಾತಾಡಲು ತಯಾರಿ

ಊರೆಲ್ಲ ಹೊಗಳಿದ ಕಾದಂಬರಿ ಮುಗಿಸಿ "ಚಲೋ ಐತಿ, ಆದ್ರ..." ಅಂತ ಮಾತು ನಿಂತರೆ, ಆ 'ಆದ್ರ' ಯಾವ ಪುಟದಲ್ಲಿ ಹುಟ್ಟಿತು ಎಂದು ಹುಡುಕಬೇಕು. ಮೆಚ್ಚುಗೆ, ಬೇಸರ ಎರಡನ್ನೂ ಕಲಸಿ "ಪರವಾಗಿಲ್ಲ" ಎಂದುಬಿಟ್ಟರೆ ಎರಡೂ ಸುಳ್ಳಾಗುತ್ತವೆ.

ಓದಿದ ಎರಡು ದಿನದೊಳಗೆ ಒಂದು ಹಾಳೆಯನ್ನು ಉದ್ದಕ್ಕೆ ಮಡಚಿ. ಎಡಕ್ಕೆ ಹಿಡಿಸಿದ ಐದು ಜಾಗ, ಬಲಕ್ಕೆ ಬೇಸರ ತಂದ ಐದು ಜಾಗ, ಪುಟಸಂಖ್ಯೆ ಸಮೇತ. ಗ್ರಂಥಾಲಯದ ಪ್ರತಿಯಾದರೆ ಗೆರೆ ಎಳೆಯಬೇಡಿ, ಚೀಟಿ ಇಡಿ. ಪುಟ ತೋರಿಸಲಾಗದ ದೂರನ್ನು ಬದಿಗಿಡಿ. ಹಲವು ಸಲ ಅದು ಪುಸ್ತಕದ ತಪ್ಪಲ್ಲ, ಹೊಗಳಿಕೆ ಕೇಳಿ ಕಟ್ಟಿಕೊಂಡ ಆಸೆಯದು. ಬಲಗಡೆಯ ಪುಟಗಳೆಲ್ಲ ಕೊನೆಯ ಕಾಲುಭಾಗದಲ್ಲೇ ಗುಂಪಾಗಿದ್ದರೆ ಮುಕ್ತಾಯದಲ್ಲಿ ಅವಸರವಾಗಿದೆ. ಪುಸ್ತಕದುದ್ದಕ್ಕೂ ಚದುರಿದ್ದರೆ ಹೇಳುವ ರೀತಿಯಲ್ಲೇ ತೊಡಕಿದೆ.

ಆಮೇಲೆ ಮುದ್ರಣ ವಿವರದ ಪುಟ ನೋಡಿ. ಎಂಟನೆಯ ಮುದ್ರಣ ಎಂದಿದ್ದ ಮಾತ್ರಕ್ಕೆ ಬೆರಗಾಗಬೇಕಿಲ್ಲ. ಕನ್ನಡದಲ್ಲಿ ಒಂದು ಮುದ್ರಣಕ್ಕೆ 500 ಇಲ್ಲವೆ 1000 ಪ್ರತಿ ಹಾಕುವುದು ಸಾಮಾನ್ಯ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು ಎಂದು ಮುನ್ನುಡಿಯಲ್ಲಿದ್ದರೆ, ನಾಲ್ಕೈದು ಅಧ್ಯಾಯಗಳ ಕೊನೆಯ ಸಾಲನ್ನೂ ಮುಂದಿನದರ ಮೊದಲ ಸಾಲುಗಳನ್ನೂ ಜೋಡಿಸಿ ಓದಿ. ವಾರಕ್ಕೊಂದು ಕಂತಿಗೆ ಕುತೂಹಲದ ಕೊಕ್ಕೆ ಬೇಕು, ಹಿಂದಿನದರ ನೆನಪೂ ಬೇಕು. ಪುಸ್ತಕ ಮಾಡುವಾಗ ಅವನ್ನು ತೆಗೆಯದಿದ್ದರೆ ಒಂದೇ ಸಮನೆ ಕೂತು ಓದುವವರಿಗೆ ಹೇಳಿದ್ದನ್ನೇ ಹೇಳಿದಂತಾಗುತ್ತದೆ. ಕಾರಣ ಸಿಕ್ಕಾಗ ಸಿಟ್ಟು ಅರ್ಧ ಇಳಿಯುತ್ತದೆ.

ಕತೆ ನಮ್ಮ ಧಾರವಾಡ ಸೀಮೆಯದಾದರೆ ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ನೋಡಿ. ಇಲ್ಲಿ ಕಿವಿಯೇ ಒರೆಗಲ್ಲು. ಒಂದೇ ಪಾತ್ರ ಒಂದು ಪುಟದಲ್ಲಿ "ಮಾಡ್ಲಿಕ್ಕತ್ತೇನಿ", ಇನ್ನೊಂದರಲ್ಲಿ "ಮಾಡಾಕತ್ತೀನಿ" ಎಂದರೆ ಮನೆತನವೇ ಬದಲಾದಂತೆ ಕೇಳುತ್ತದೆ, ಎರಡೂ ಇಲ್ಲಿಯವೇ ಆದರೂ ಬೇರೆ ಬೇರೆ ಮನೆಗಳ ಮಾತು. (ಎದುರಿಗಿದ್ದವರನ್ನು ನೋಡಿ ಮಾತು ಬದಲಿಸುವುದು ಬೇರೆ, ಅದು ತಪ್ಪಲ್ಲ, ಲೇಖಕರ ಸೂಕ್ಷ್ಮ.) "ಮಾಡ್ತಾ ಇದೀನಿ" ಎಂಬುದರ ಬಾಲಕ್ಕೆ "ರೀ" ಅಂಟಿಸಿದರೆ ಧಾರವಾಡದ ಮಾತಾಗುವುದಿಲ್ಲ. ಹಾಗೆಯೇ ಎರೆಹೊಲದ (ಕಪ್ಪು ಮಣ್ಣಿನ ಹೊಲದ) ಹಿಂಗಾರಿ ಜೋಳ ಬಿತ್ತುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ, ಅದರ ಸೀತನಿ, ಅಂದರೆ ಸುಟ್ಟು ತಿನ್ನುವ ಎಳೆ ತೆನೆ, ಚಳಿಗಾಲದ್ದು. ಆಷಾಢದ ಮಳೆಯಲ್ಲಿ ಯಾರೋ ಸೀತನಿ ಸುಡುತ್ತಿದ್ದರೆ ಗುರುತು ಹಾಕಿ. ಬ್ಯಾಡಗಿ ಮೆಣಸಿನಕಾಯಿ ಹೆಸರಾಗಿದ್ದು ಬಣ್ಣಕ್ಕೆ, ಖಾರಕ್ಕಲ್ಲ, ಅದರ ಖಾರಕ್ಕೆ ಪಾತ್ರ ಕಣ್ಣೀರಿಟ್ಟರೆ ಅದಕ್ಕೂ ಗುರುತು ಹಾಕಿ. ಆದರೆ ಇಂಥ ತಪ್ಪುಗಳಿಗೆ ಒಂದೇ ವಾಕ್ಯ ಸಾಕು. ಪಾತ್ರ ಜೀವಂತವಾಗಿದ್ದರೆ ಸೀತನಿಯ ತಪ್ಪು ಹಿಡಿದು ಕಾದಂಬರಿಯನ್ನೇ ತಳ್ಳಿಹಾಕುವುದು ಅನ್ಯಾಯ.

ಮಾತು ಏಳೆಂಟು ನಿಮಿಷಕ್ಕೆ ಮೀರದಿರಲಿ. ಕತೆ ಹೇಳಲು ಒಂದು ನಿಮಿಷ, ಅದೂ ಪುಸ್ತಕದ ಅರ್ಧದವರೆಗೆ ಮಾತ್ರ. ಮೆಚ್ಚಿದ್ದನ್ನು ಮೊದಲು ಹೇಳಿ, ಮೂರು ಸಾಲು ಪುಸ್ತಕದಿಂದಲೇ ಓದಿ. ಆಮೇಲೆ ಒಂದೇ ಒಂದು ದೊಡ್ಡ ದೋಷ ಹಿಡಿದು ಬಿಡಿಸಿ. ಐದೂ ಹೇಳಹೊರಟರೆ ಪಟ್ಟಿ ಓದಿದಂತಾಗಿ ಯಾವುದೂ ಕೇಳುವವರ ಮನಸ್ಸಿನಲ್ಲಿ ನಿಲ್ಲುವುದಿಲ್ಲ. "ನಿರಾಸೆಯಾತು" ಎನ್ನುವ ಬದಲು "ತಾಯಿ ಮನಿ ಬಿಟ್ಟು ಹೋಗೂದಕ್ಕ ಕಾರಣ 140ನೇ ಪುಟದಾಗೂ ಇಲ್ಲ, 210ರಾಗೂ ಇಲ್ಲ" ಎಂದರೆ ಕೇಳುವವರು ಪುಟ ತಿರುವುತ್ತಾರೆ.

ಲೇಖಕರೋ ಅವರ ಗೆಳೆಯರೋ ಎದುರಿಗೇ ಕೂತಿರುವುದು ಧಾರವಾಡ-ಹುಬ್ಬಳ್ಳಿಯಲ್ಲಿ ಅಪರೂಪವಲ್ಲ. ಆಗ "ನೀವು ಹಿಂಗ್ಯಾಕ ಬರದ್ರಿ ಸರ" ಎನ್ನಬೇಡಿ, ಅದು ಜಗಳಕ್ಕೆ ಕರೆದಂತೆ. "ಈ ಪಾತ್ರ ಇಲ್ಲಿ ಸುಮ್ಮನಾಗೇದ, ನನಗ ಕಾರಣ ಸಿಗಲಿಲ್ಲರಿ" ಎಂದರೆ ಅವರೂ ಪುಸ್ತಕದ ಕಡೆಗೇ ನೋಡುತ್ತಾರೆ. ದೋಷವನ್ನು ಮೆತ್ತಗೆ ಮಾಡುವುದು ಬೇಡ, ದನಿ ಮೆತ್ತಗಿರಲಿ.

ಕೊನೆಗೆ ಯಾರಾದರೂ "ಹಂಗಾರ ಓದಬೇಕೋ ಬ್ಯಾಡೋ?" ಎಂದು ಕೇಳಿಯೇ ಕೇಳುತ್ತಾರೆ. ಮಡಚಿದ ಹಾಳೆ ಬಿಚ್ಚಿ, ಎಡಗಡೆಯ ಪುಟಸಂಖ್ಯೆಗಳನ್ನು ಅವರಿಗೆ ಬರೆದುಕೊಡಿ.